ಸಾಲ ತೀರಿದರೂ ಇಸಿಯಲ್ಲಿ ಕೂತಿದ್ದ ಅಡಮಾನ

ತೀರ್ಥಹಳ್ಳಿ ಕಡೆಯ ಮನೆ. ಮಾರುವವರ ಸಾಲ ತೀರಿತ್ತು, ಬಾಕಿಯಿಲ್ಲ ಎಂದು ಬರೆದುಕೊಟ್ಟ ಬ್ಯಾಂಕಿನ ಎನ್‌ಒಸಿಯೂ ಕೈಯಲ್ಲಿತ್ತು. ಆದರೂ ನೋಂದಣಿ ಇಲಾಖೆಯ ಕಾವೇರಿ ತಂತ್ರಾಂಶದಲ್ಲಿ ತೆಗೆದ ಇಸಿಯ (ಆಸ್ತಿಯ ಮೇಲಿನ ನೋಂದಾಯಿತ ವ್ಯವಹಾರಗಳನ್ನು ತೋರಿಸುವ ಋಣಭಾರ ಪ್ರಮಾಣಪತ್ರ) ನಮೂನೆ 15ರಲ್ಲಿ ಅಡಮಾನ ಹಾಗೇ ಕೂತಿತ್ತು. ಕಾರಣ ಇಷ್ಟೇ: ಅಡಮಾನ ನೋಂದಣಿಯಾಗಿತ್ತು, ಅದರ ಖುಲಾಸೆ, ಅಂದರೆ ಬಿಡುಗಡೆ, ನೋಂದಣಿಯಾಗಿರಲಿಲ್ಲ. ಎನ್‌ಒಸಿ ಬರೀ ಪತ್ರ, ಅದು ತಾನಾಗಿ ಇಸಿಗೆ ಏರುವುದಿಲ್ಲ.

ಇಸಿಯಿಂದ ದಸ್ತಾವೇಜು ಸಂಖ್ಯೆ, ತಾರೀಖು ಬರೆದುಕೊಂಡು ಬ್ಯಾಂಕಿಗೆ ಅರ್ಜಿ ಕೊಟ್ಟು, ಅವರ ಅಧಿಕೃತ ಅಧಿಕಾರಿಯ ಸಹಿಯ ಖುಲಾಸೆ ಪತ್ರವನ್ನು ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಾಯಿಸಿದ ಮೇಲೆ ಸರಿಹೋಯಿತು. ಹೊಸ ಇಸಿಯಲ್ಲಿ ಹಳೇ ನಮೂದು ಅಳಿಸಿಹೋಗುವುದಿಲ್ಲ, ಖುಲಾಸೆಯದು ಇನ್ನೊಂದು ನಮೂದಾಗಿ ಸೇರುತ್ತದೆ. ‘ಇನ್ನೂ ತೋರಿಸ್ತಿದೆಯಲ್ಲ’ ಅಂತ ಗಾಬರಿ ಬೇಡ.

ಎಡವಟ್ಟಾಗುವುದು ಚಕ್ಕುಬಂದಿಯಲ್ಲಿ, ಅಂದರೆ ಆಸ್ತಿಯ ನಾಲ್ಕು ದಿಕ್ಕಿನ ಗಡಿ ವಿವರದಲ್ಲಿ. ಅಡಮಾನ ಪತ್ರದಲ್ಲಿ ‘ಪೂರ್ವಕ್ಕೆ ಅಡಿಕೆ ತೋಟ’ ಅಂತಿದ್ದು, ಗ್ರಾಮ ಪಂಚಾಯಿತಿ ಕೊಡುವ ಇ-ಸ್ವತ್ತಿನ ನಮೂನೆ 9 (ಆಸ್ತಿ ದಾಖಲೆ) ನೋಡಿ ಖುಲಾಸೆಯಲ್ಲಿ ‘ಪೂರ್ವಕ್ಕೆ ರಸ್ತೆ’ ಅಂತ ಬರೆದರೆ ಎರಡೂ ಒಂದೇ ಮನೆ ಅನ್ನುವುದೇ ಅನುಮಾನವಾಗುತ್ತದೆ. ಹಳೇ ವಿವರವನ್ನು ಯಥಾವತ್ತಾಗಿ ಇಳಿಸಿ, ಈಗಿನ ಸ್ವತ್ತಿನ ಸಂಖ್ಯೆಯನ್ನು ಪಕ್ಕದಲ್ಲಿ ಸೇರಿಸಬೇಕು.

ಇನ್ನು ಮೂಲ ಪತ್ರಗಳು. ಗೃಹಸಾಲದಂಥ ವೈಯಕ್ತಿಕ ಸಾಲ 2023ರ ಡಿಸೆಂಬರ್ 1ರ ನಂತರ ತೀರಿದ್ದರೆ ಬ್ಯಾಂಕು 30 ದಿನದೊಳಗೆ ಪತ್ರ ವಾಪಸ್ ಕೊಟ್ಟು, ನೋಂದಾಯಿತ ಹೊರೆಯನ್ನೂ ತೆಗೆಸಬೇಕು. ತಡ ಅವರದ್ದಾದರೆ ದಿನಕ್ಕೆ 5,000 ರೂಪಾಯಿ ಪರಿಹಾರ. ಅರ್ಜಿಯಲ್ಲಿ ಈ ಆರ್‌ಬಿಐ ನಿಯಮ ಬರೆದರೆ ಕಡತ ಬೇಗ ಕದಲುತ್ತದೆ.