ನಿಪ್ಪಲ್ ಉಳಿಸಲು ಎರಡು ವಾರ ಕಾದ ಕತೆ

ಸ್ತನ ಕ್ಯಾನ್ಸರಿನ ಆಪರೇಷನ್ ಮಾಡುವವನು ನಾನು. ಆದಷ್ಟು ಎದೆಯ ಚರ್ಮ, ನಿಪ್ಪಲ್ ಉಳಿಸಿ ಒಳಗಿನದ್ದನ್ನಷ್ಟೇ ತೆಗೆಯಲು ನೋಡುತ್ತೇನೆ. ನನ್ನ ಕೈಯಲ್ಲಿ ಹೋದ ಮೊದಲ ನಿಪ್ಪಲ್ ಇನ್ನೂ ಕಣ್ಣ ಮುಂದಿದೆ. ಹುಬ್ಬಳ್ಳಿಗೆ ಬಂದ ಹೊಸದು. ನಿಪ್ಪಲ್ ಸುತ್ತಿನ ಕಪ್ಪು ಭಾಗದ ಅಂಚಿನಲ್ಲೇ ಅರ್ಧಚಂದ್ರದಂತೆ ಕೊಯ್ದು, ಒಳಗಿನದ್ದೆಲ್ಲ ತೆಗೆದು, ಎದೆಯ ಆಕಾರಕ್ಕೆಂದು ಕೃತಕ ಇಂಪ್ಲಾಂಟ್ ಇಟ್ಟಿದ್ದೆ. ಟೇಬಲ್ ಮೇಲೆ ಚೆಂದ ಕಂಡಿತ್ತು. ನಿಪ್ಪಲ್ ಮೂರನೇ ದಿನ ನೀಲಿ, ಏಳನೇ ದಿನ ಕಪ್ಪು, ಮೂರನೇ ವಾರ ಹೊಲಿಗೆ ಬಿಟ್ಟು ಇಂಪ್ಲಾಂಟ್ ಇಣುಕಿತು. ತೆಗೆಯಲೇಬೇಕಾಯಿತು. ಇಂಪ್ಲಾಂಟಿಗೇ ಸುಮಾರು 50 ಸಾವಿರ ಹೋಗಿತ್ತು. ಅದಕ್ಕಾಗಿ ಮನೆಯವರು ಎರಡು ಎಮ್ಮೆ ಮಾರಿದ್ದರು ಅಂತ ಆಮೇಲೆ ಗೊತ್ತಾಯಿತು. ಎರಡನೇ ಬಿಲ್‌ನಲ್ಲಿ ನನ್ನ ಫೀಸು ಬಿಟ್ಟೆ.

ಕೊಯ್ತವನ್ನು ಎದೆಯ ಕೆಳಗಿನ ಮಡಿಕೆಗೆ ಇಳಿಸಿದ ಮೇಲೆ ಸಣ್ಣ ಎದೆಯವರಲ್ಲಿ ತೊಂದರೆ ಬಹಳ ಕಡಿಮೆಯಾಯಿತು. ಆದರೆ ನನ್ನ ಹತ್ತಿರ ಬರುವವರಲ್ಲಿ ದೊಡ್ಡ, ಜೋತುಬಿದ್ದ ಎದೆಯವರೇ ಜಾಸ್ತಿ. ಅವರಲ್ಲಿ ಚರ್ಮದೊಳಗಿನ ರಕ್ತ ನಿಪ್ಪಲ್ ಮುಟ್ಟಲು ಬಹಳ ದೂರ ಬರಬೇಕು. ಇಂಥವರಿಗೆ ಉಳಿಸುವ ಆಸೆ ಬಿಡು ಎಂದರು ಹಿರಿಯರು.

ಫ್ಲಾಪ್ ಡಿಲೇ, ಅಂದರೆ ಚರ್ಮವನ್ನು ಮೊದಲೇ ಸ್ವಲ್ಪ ಎಬ್ಬಿಸಿ ಪಕ್ಕದಿಂದ ಬರುವ ರಕ್ತಕ್ಕೆ ಒಗ್ಗಿಸುವುದು, ಸರ್ಜನ್‌ಗಳೆಲ್ಲ ಓದಿದ್ದೇ. ಅದನ್ನೇ ಇಲ್ಲಿ ಮಾಡಿದೆ. ದೊಡ್ಡ ಆಪರೇಷನ್ನಿಗೆ ಎರಡು ವಾರ ಮೊದಲು ಅದೇ ಮಡಿಕೆಯಲ್ಲಿ ಕೊಯ್ದು, ನಿಪ್ಪಲ್ ಅಡಿ ಮತ್ತು ಸುತ್ತ ನಾಲ್ಕೈದು ಸೆಂಟಿಮೀಟರ್ ಚರ್ಮ ಎಬ್ಬಿಸಿ, ವಾಪಸ್ ಹೊಲಿಯುವುದು. ಅಡಿಯ ರಕ್ತ ನಿಂತರೆ ಚರ್ಮ ಪಕ್ಕದಿಂದ ಎಳೆದುಕೊಳ್ಳುತ್ತದೆ. ನಿಪ್ಪಲ್ ಹಿಂದಿನ ಚೂರು ಆಗಲೇ ಬಯಾಪ್ಸಿಗೆ ಹೋಗುತ್ತದೆ. ಫ್ರೋಜನ್ ಸೆಕ್ಷನ್, ಅಂದರೆ ಆಪರೇಷನ್ ನಡೆಯುತ್ತಿರುವಾಗಲೇ ಚೂರನ್ನು ಪರೀಕ್ಷಿಸುವ ವ್ಯವಸ್ಥೆ, ಇಲ್ಲದ ಕಡೆ ಇದೇ ದೊಡ್ಡ ಲಾಭ. ಅದರಲ್ಲಿ ಕ್ಯಾನ್ಸರ್ ಕಂಡರೆ ನಿಪ್ಪಲ್ ತೆಗೆಯುತ್ತೇನೆ, ಚರ್ಚೆಯೇ ಇಲ್ಲ.

“ಕ್ಯಾನ್ಸರ್ ಪೇಶಂಟನ್ನ ಸುಮ್ನೆ ಎರಡು ವಾರ ಕೂರಿಸ್ತೀಯಾ?” ಅಂತ ಟ್ಯೂಮರ್ ಬೋರ್ಡ್‌ನಲ್ಲಿ, ಅಂದರೆ ಕ್ಯಾನ್ಸರ್ ಡಾಕ್ಟರುಗಳೆಲ್ಲ ಕೂತು ಕೇಸ್ ಚರ್ಚಿಸುವ ಸಭೆಯಲ್ಲಿ, ಬೈಗುಳ. ಮೊದಲೇ ಕೀಮೋ ಆದವರು ಹೇಗೂ ಮೂರ್ನಾಲ್ಕು ವಾರ ಕಾಯುತ್ತಾರೆ, ಅಲ್ವಾ? ಕೀಮೋದಿಂದ ಇಳಿದ ರಕ್ತಕಣಗಳ ಕೌಂಟ್ ಮೇಲೆ ಬಂದ ಕೂಡಲೇ ಆ ಸಂದಿಯಲ್ಲೇ ಇದನ್ನು ತೂರಿಸುತ್ತೇನೆ. ಹೆಚ್ಚುವರಿ ಖರ್ಚು 15-20 ಸಾವಿರ.

ನೆನಪಿನಿಂದ ಹೇಳುವುದಾದರೆ ಇಪ್ಪತ್ತೈದರ ಆಸುಪಾಸು ಕೇಸ್ ಆಗಿವೆ. ಪೂರ್ತಿ ಹೋದದ್ದು ಒಂದೇ. ರಕ್ತನಾಳ ಕುಗ್ಗಿಸುವ ತಂಬಾಕನ್ನು ಬಿಟ್ಟಿದ್ದೇನೆ ಎಂದಿದ್ದರು ಆ ಪೇಶಂಟ್, ವಾರ್ಡಿನಲ್ಲಿ ದಿಂಬಿನ ಕೆಳಗೆ ತಂಬಾಕಿನ ಚೀಟು ಸಿಕ್ಕಿತು. ಐದಾರು ಜನರಿಗೆ ಮೇಲಿನ ಪದರ ಮಾತ್ರ ಕಪ್ಪಾಯಿತು. ಇಲ್ಲೇ ಕೈ ತುರಿಸುತ್ತದೆ, ಕತ್ತರಿಸಬೇಡಿ. ಒಬ್ಬರಿಗೆ ಇಪ್ಪತ್ತೊಂದನೇ ದಿನ ಸಲೈನ್‌ನಲ್ಲಿ ಅದ್ದಿದ ಗಾಜ್ ಬಟ್ಟೆ ಇಟ್ಟು ನೆನೆಸಿದೆ. ಹೆಕ್ಕಳೆ ತಾನಾಗಿ ಎದ್ದಿತು, ಅಡಿಯಲ್ಲಿ ಗುಲಾಬಿ ಚರ್ಮ. ಬಗ್ಗಿ ನೋಡಿ, “ಸರ್ರ, ಇದು ನಂದಽ ಏನ್ರಿ?” ಎಂದರು. “ನಿಮ್ದಽ ಅಕ್ಕಾರ” ಎಂದೆ.

ಚರ್ಮಕ್ಕೆ ರಕ್ತ ಎಲ್ಲೆಲ್ಲಿ ಮುಟ್ಟುತ್ತಿದೆ ಎಂದು ತೋರಿಸುವ ಐಸಿಜಿ ಕ್ಯಾಮೆರಾಗೆ ದುಡ್ಡಿಲ್ಲ. ಕಣ್ಣಿನ ವಿಭಾಗದಿಂದ ರಕ್ತ ಹರಿದಲ್ಲಿ ಹೊಳೆಯುವ ಫ್ಲೋರಸಿನ್ ಬಣ್ಣ, ಚರ್ಮದ ವಿಭಾಗದವರಿಂದ ಆ ಹೊಳಪು ತೋರಿಸುವ ವುಡ್ಸ್ ಲ್ಯಾಂಪ್ ಕಡ ತಂದು, ಓಟಿ ಲೈಟ್ ಆರಿಸಿ ನೋಡಿದೆ. ಹೊಳೆಯದ ಚರ್ಮವೆಲ್ಲ ಸಾಯುವುದಿಲ್ಲ, ಅದು ಸುಮ್ನೆ ಹೆದರಿಸುವುದೇ ಜಾಸ್ತಿ. ಮರುದಿನ ಮೂತ್ರ ಹಳದಿ ಬಂತೆಂದು ಪೇಶಂಟ್ ಗಾಬರಿ, ಕಾಮಾಲೆಯೆಂದು ಸಿಸ್ಟರ್ ಗಾಬರಿ. ಮೂರ್ನಾಲ್ಕು ಕೇಸ್ ಆದ ಮೇಲೆ ಆ ಬಣ್ಣದ ಸಹವಾಸ ಬಿಟ್ಟೆ.

ಒಳಗೆ ತುಂಬಲು ಈಗ ಲ್ಯಾಟಿಸಿಮಸ್ ಫ್ಲಾಪೇ, ಅಂದರೆ ಬೆನ್ನಿನ ಸ್ನಾಯುವನ್ನೇ ಎಬ್ಬಿಸಿ ಮುಂದಕ್ಕೆ ತರುವುದು. ರೇಡಿಯೇಷನ್ ಆಗುವವರಿಗೆ ಇಂಪ್ಲಾಂಟ್ ಸುತ್ತ ಗಟ್ಟಿಯಾಗುವ ಕಾಟ ಹೆಚ್ಚು. ಮೊದಮೊದಲು ಸ್ನಾಯು ತೆಗೆದ ಬೆನ್ನಲ್ಲಿ ನೀರು ತುಂಬುತ್ತಿತ್ತು, ವಾರಕ್ಕೆರಡು ಸಲ ಸಿರಿಂಜ್ ಹಿಡಿದು ಕೂರಬೇಕಿತ್ತು. ಒಳಗಿಂದ ಕೌದಿ ಹೊಲಿದಂತೆ ಇಪ್ಪತ್ತು ಹೊಲಿಗೆ ಹಾಕಿದ ಮೇಲೆ ಅರ್ಧಕ್ಕಿಂತ ಕಮ್ಮಿಯಾಯಿತು. ನಿಪ್ಪಲ್ ಪಕ್ಕಕ್ಕೆ ಸರಿಯದಂತೆ ಕೊನೆಯ ಹೊಲಿಗೆ ಎಲ್ಲಿ ಹಾಕುತ್ತೇನೆ ಎನ್ನುವುದನ್ನು ಬರೆಯುವುದಿಲ್ಲ. ಓಟಿಗೆ ಬಂದು ನೋಡಿ.

ಒಂದು ವಿಷಯದಲ್ಲಿ ತಪ್ಪಿದ್ದೆ. ನಿಪ್ಪಲ್ ಉಳಿದರೂ ಸ್ಪರ್ಶ ಮೊದಲಿನಂತೆ ಬರುವುದು ಅಪರೂಪ. ಇದನ್ನು ಹೇಳದೆ ಒಬ್ಬರ ಕೈಯಲ್ಲಿ ಚೆನ್ನಾಗಿ ಬೈಸಿಕೊಂಡೆ. ಈಗ ಮೊದಲ ದಿನವೇ, ಗಂಡನನ್ನು ಹೊರಗೆ ಕೂರಿಸಿ, ಅವರೊಬ್ಬರಿಗೇ ಹೇಳುತ್ತೇನೆ.