ಲೀಡರ್ ನಾನೇ ಕಟ್ಟಿಕೊಳ್ಳಲು ಕಲಿತಿದ್ದು

ಫ್ಲೈ ಫಿಶಿಂಗ್ ಶುರು ಮಾಡಿದ ಮೊದಲ ವರ್ಷ ನನ್ನ ಗಮನವೆಲ್ಲ ರಾಡ್ ಮತ್ತು ಫ್ಲೈ (ಹುಳ, ಕಪ್ಪೆಗಳಂತೆ ಕಾಣುವ ಹಾಗೆ ಕಟ್ಟಿದ ಗಾಳ) ಮೇಲಿತ್ತು. ದಪ್ಪ ಲೈನಿಗೂ ಫ್ಲೈಗೂ ನಡುವೆ ಕಟ್ಟುವ ಸಣ್ಣ ದಾರವೇ ಲೀಡರ್; ಅದಕ್ಕೆ ಒಂದೇ ದಪ್ಪದ ತಂಗೂಸಿ ದಾರವನ್ನು ಒಂಬತ್ತು ಅಡಿ ಕತ್ತರಿಸಿ ಸುಮ್ನೆ ಕಟ್ಟುತ್ತಿದ್ದೆ. ಶಿವಮೊಗ್ಗದ ಹತ್ತಿರದ ನಮ್ಮೂರ ಕೆರೆಯಲ್ಲಿ, ಗುತ್ತಿಗೆದಾರರನ್ನು ಕೇಳಿಕೊಂಡು, ಬೆಳಗಿನ ಹೊತ್ತು ನಿಲ್ಲುತ್ತಿದ್ದೆ. ಬೀಸಿದರೆ ಲೈನ್ ನೆಟ್ಟಗೆ ಹೋಗುತ್ತಿತ್ತು, ತಂಗೂಸಿ ಮಾತ್ರ ಗುಪ್ಪೆಯಾಗಿ ನೀರಿಗೆ ಬೀಳುತ್ತಿತ್ತು. ಜಿಲೇಬಿ ಮೀನುಗಳು ಚದುರಿ ಹೋಗುತ್ತಿದ್ದವು.

ಗಾಡಿ ಹೊಡೆಯುವವರ ಬಾರುಕೋಲು ನೋಡಿದ್ದೀರಲ್ವಾ? ಬಾರು ಬುಡದಲ್ಲಿ ದಪ್ಪ, ತುದಿಗೆ ಹೋದಂತೆ ಸಣ್ಣ. ಅದಕ್ಕೇ ಕೈಯ ಬೀಸು ತುದಿಯವರೆಗೆ ಹರಿಯುತ್ತದೆ. ಲೀಡರ್ ಕೂಡ ಹಾಗೇ ಇರಬೇಕು. ಈಗ ನಾನು ಲೈನಿನ ಕಡೆಗೆ 0.45 ಮಿ.ಮೀ. ನೈಲಾನ್ ಐದೂವರೆ ಅಡಿ, ನಡುವೆ 0.33ರದ್ದು ಒಂದೂಮುಕ್ಕಾಲು ಅಡಿ, ತುದಿಗೆ 0.20ರದ್ದು ಅಷ್ಟೇ ಉದ್ದ ಕಟ್ಟುತ್ತೇನೆ. ಈ ತುದಿಯ ತುಂಡೇ ಟಿಪೆಟ್. ಡಬ್ಬಿ ಮೇಲೆ 3ಎಕ್ಸ್ ಎಂದಿದ್ದರೆ ಅದು ಸುಮಾರು 0.20 ಮಿ.ಮೀ. ಎಕ್ಸ್ ಸಂಖ್ಯೆ ಹೆಚ್ಚಿದಷ್ಟೂ ದಾರ ಸಣ್ಣ. ಫ್ಲೈ ಗಾಳದ ನಂಬರನ್ನು ಮೂರರಿಂದ ಭಾಗಿಸಿದರೆ ಎಷ್ಟು ಎಕ್ಸ್ ಬೇಕೆಂದು ಅಂದಾಜು ಸಿಗುತ್ತದೆ: 12ನೇ ನಂಬರಿಗೆ 4ಎಕ್ಸ್.

ಕೊರವ ಮೀನಿಗೆ ಈ ಲೆಕ್ಕ ನಡೆಯುವುದಿಲ್ಲ. ಅದು ಜೊಂಡಿನೊಳಗೆ ನುಗ್ಗುತ್ತದೆ, ಹಲ್ಲೂ ಚೂಪು. ಅಲ್ಲಿ ಏಳೇ ಅಡಿ ಲೀಡರ್, ತುದಿಗೆ 0.40. ಕಪ್ಪೆಯಂತೆ ತೇಲುವ ಫ್ಲೈ ಹಾಕಿದರೆ ನೈಲಾನೇ ಸರಿ. ಫ್ಲೋರೋಕಾರ್ಬನ್ ಎಂಬ ಇನ್ನೊಂದು ಬಗೆಯ ದಾರ ಮುಳುಗುತ್ತದೆ, ಫ್ಲೈಯ ಮೂತಿಯನ್ನೂ ಕೆಳಗೆಳೆಯುತ್ತದೆ. ನೀರಿನಡಿ ಹೋಗುವ ಫ್ಲೈಗೆ ಮಾತ್ರ ಅದನ್ನು ಬಳಸುತ್ತೇನೆ, ಉಜ್ಜಾಟ ಚೆನ್ನಾಗಿ ತಡೆಯುತ್ತದೆ.

ಒಂದು ದಿನ ಒಳ್ಳೆಯ ಕೊರವ ತಪ್ಪಿಹೋಯಿತು. ದಾರ ಹಳೆಯದಾಗಿ ಹರಿಯಿತು ಅಂದುಕೊಂಡೆ. ಕೈಗೆ ಬಂದ ತುದಿ ನೋಡಿದರೆ ಹಂದಿ ಬಾಲದ ಹಾಗೆ ಸುರುಳಿ ಸುತ್ತಿತ್ತು. ಸುರುಳಿ ಇದ್ದರೆ ಗಂಟು ಜಾರಿದೆ ಎಂದರ್ಥ, ದಾರ ಸೋತಿಲ್ಲ. ಅವಸರದಲ್ಲಿ ಒಣಗಂಟು ಎಳೆದಿದ್ದೆ. ಆಮೇಲಿಂದ ಪ್ರತಿ ಗಂಟನ್ನೂ ಎಂಜಲಲ್ಲಿ ಒದ್ದೆ ಮಾಡಿ, ನಿಧಾನಕ್ಕೆ ಬಿಗಿಯುತ್ತೇನೆ. ದಪ್ಪ ಬೇರೆ ಬೇರೆ ಇರುವ ದಾರಗಳಿಗೆ ಸರ್ಜನ್ಸ್ ಗಂಟು ನನಗೆ ಒಗ್ಗಿದೆ: ಎರಡನ್ನೂ ಜೋಡಿಸಿ ಒಂದು ಕುಣಿಕೆ, ಅದರೊಳಗೆ ಮೂರು ಸಲ ತೂರಿಸುವುದು. ಕಟ್ಟಿದ ಮೇಲೆ ಜೋರಾಗಿ ಎಳೆದು ನೋಡುತ್ತೇನೆ. ಹೋಗುವುದಿದ್ದರೆ ಕೈಯಲ್ಲೇ ಹೋಗಲಿ.

ಮೀನು ಸಿಕ್ಕಾಗಲೆಲ್ಲ ಫ್ಲೈ ಹತ್ತಿರದ ಒಂದು ಗೇಣು ದಾರವನ್ನು ಉಗುರಿನ ಮೇಲೆ ಎಳೆದು ನೋಡಿ. ತರಿ ಸಿಕ್ಕರೆ ಕತ್ತರಿಸಿ, ಹೊಸದಾಗಿ ಕಟ್ಟಿ. ಟಿಪೆಟ್ ಡಬ್ಬಿಯನ್ನು ಬಿಸಿಲಲ್ಲಿ ಬಿಡಬೇಡಿ. ನನ್ನದು ಈಗ ಬಟ್ಟೆಯ ಚೀಲದಲ್ಲಿ, ಕತ್ತಲೆ ಕಪಾಟಿನಲ್ಲಿ ಇರುತ್ತದೆ.