ಅಸೈನ್‌ಮೆಂಟ್ ಮತ್ತು ಎಐ: ನಾನು ಬದಲಿಸಿಕೊಂಡ ಮೌಲ್ಯಮಾಪನ ಕ್ರಮ

2022ರ ನವೆಂಬರ್ ಕೊನೆಯಲ್ಲಿ ಚಾಟ್‌ಜಿಪಿಟಿ ಬಳಕೆಗೆ ಬಂದ ಮೇಲೆ, ಇತಿಹಾಸ ಸ್ನಾತಕೋತ್ತರ ತರಗತಿಯಲ್ಲಿ ನನ್ನ ಕೈಸೇರುವ ಅಸೈನ್‌ಮೆಂಟ್‌ಗಳಲ್ಲಿ ಭಾಷಾದೋಷಗಳು ಕಡಿಮೆಯಾದವು. ಅದರೊಂದಿಗೆ ಒಬ್ಬೊಬ್ಬರ ಬರವಣಿಗೆಗೂ ಇದ್ದ ಪ್ರತ್ಯೇಕ ಧಾಟಿಯೂ ಮರೆಯಾಗತೊಡಗಿತು.

ಆದರೂ ಯಂತ್ರದ ಬರಹವನ್ನು ಪತ್ತೆಹಚ್ಚುವ ತಂತ್ರಾಂಶಗಳನ್ನು ನಾನು ನೆಚ್ಚಿಕೊಳ್ಳಲಿಲ್ಲ. ಚಾಟ್‌ಜಿಪಿಟಿಯನ್ನು ರೂಪಿಸಿದ ಓಪನ್‌ಎಐ ಸಂಸ್ಥೆಯೇ ತನ್ನ ಪತ್ತೆ ಸಾಧನವನ್ನು ನಿಖರತೆ ಸಾಲದೆಂದು 2023ರ ಜುಲೈನಲ್ಲಿ ಹಿಂತೆಗೆದುಕೊಂಡಿತು. ಅದೇ ವರ್ಷ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು ಇಂಥ ಏಳು ಸಾಧನಗಳನ್ನು ಪರೀಕ್ಷಿಸಿದಾಗ, ಇಂಗ್ಲಿಷ್ ಮಾತೃಭಾಷೆಯಲ್ಲದವರು ಸ್ವಂತವಾಗಿ ಬರೆದ ಪ್ರಬಂಧಗಳಲ್ಲಿ ಸರಾಸರಿ ಅರ್ಧಕ್ಕಿಂತ ಹೆಚ್ಚಿನವನ್ನು ಅವು ಯಂತ್ರದ ಬರಹವೆಂದು ಗುರುತಿಸಿದ್ದವು. ಕಷ್ಟಪಟ್ಟು ಬರೆದವರ ಮೇಲೆ ಇಂಥ ಆಧಾರದಿಂದ ಕಳ್ಳತನದ ಆರೋಪ ಹೊರಿಸುವುದು ಅಧ್ಯಾಪಕರಾದವರು ಮಾಡಬಾರದ ಅನ್ಯಾಯವೆಂದೇ ನಾನು ತಿಳಿದಿದ್ದೇನೆ.

ಹೀಗಾಗಿ ಅಂತಿಮ ಪ್ರತಿಗೆ ಅರ್ಧದಷ್ಟು ಅಂಕಗಳನ್ನಷ್ಟೇ ಉಳಿಸಿ, ಮಿಕ್ಕದ್ದನ್ನು ಓದಿನ ಟಿಪ್ಪಣಿ, ಮೊದಲ ಕರಡು ಮತ್ತು ಕಿರು ಮೌಖಿಕ ಪರೀಕ್ಷೆಗೆ ಹಂಚಿದೆ. ಎಐ ಬಳಕೆಯನ್ನು ನಿಷೇಧಿಸದೆ, ಯಾವ ಹಂತದಲ್ಲಿ ಬಳಸಿದರು, ಏನು ಕೇಳಿದರು, ಬಂದ ಉತ್ತರದಲ್ಲಿ ಯಾವುದನ್ನು ಒಪ್ಪಿದರು, ಯಾವುದನ್ನು ಬಿಟ್ಟರು ಎಂಬುದನ್ನು ಒಂದು ಪುಟದಲ್ಲಿ ಬರೆದು ಲಗತ್ತಿಸಬೇಕೆಂದು ಸೂಚಿಸಿದೆ.

ಈ ಪುಟಗಳೇ ನನಗೆ ಪಾಠದ ಸಾಮಗ್ರಿಯಾದವು. ವಿದ್ಯಾರ್ಥಿಯೊಬ್ಬರು ಎಐ ಸೂಚಿಸಿದ ಲೇಖನವೊಂದನ್ನು ಟಿಪ್ಪಣಿಯಲ್ಲಿ ಉಲ್ಲೇಖಿಸಿದ್ದರು. ಲೇಖಕರು ಪರಿಚಿತ ವಿದ್ವಾಂಸರು, ಪತ್ರಿಕೆಯೂ ನಿಜವಾದದ್ದೇ, ಸಂಪುಟ ಮತ್ತು ಪುಟಸಂಖ್ಯೆಗಳೂ ಇದ್ದವು. ಗ್ರಂಥಾಲಯದಲ್ಲಿ ಆ ಸಂಚಿಕೆಯನ್ನು ತೆಗೆಸಿ ನೋಡಿದರೆ ಆ ಪುಟಗಳಲ್ಲಿದ್ದದ್ದು ಬೇರಾರೋ ಬರೆದ ಪುಸ್ತಕ ವಿಮರ್ಶೆ. ಚಾಟ್‌ಜಿಪಿಟಿಯಂಥ ಸಾಧನಗಳ ಹಿಂದೆ ಕೆಲಸ ಮಾಡುವ ಭಾಷಾ ಮಾದರಿ ಮುಂದೆ ಬರಬಹುದಾದ ಪದವನ್ನು ಸಂಭಾವ್ಯತೆಯ ಮೇಲೆ ಜೋಡಿಸುತ್ತ ಹೋಗುತ್ತದೆ. ಆಕರವಿದೆಯೇ ಎಂದು ತಾನಾಗಿ ಖಾತ್ರಿಪಡಿಸಿಕೊಳ್ಳುವ ಗುಣ ಆ ಕ್ರಿಯೆಯಲ್ಲಿಲ್ಲ. ಇದನ್ನು ಉಪನ್ಯಾಸದಲ್ಲಿ ಹೇಳಿದ್ದಕ್ಕಿಂತ ಆ ಸಂಚಿಕೆಯನ್ನು ತರಗತಿಯ ಮುಂದೆ ತೆರೆದಿಟ್ಟಾಗ ಹೆಚ್ಚು ಮನವರಿಕೆಯಾಯಿತು. ಆಕರ ಪರಿಶೀಲನೆ ಇತಿಹಾಸಕಾರರ ಮೊದಲ ಕೆಲಸವಾದ್ದರಿಂದ, ಈಗ ಪ್ರತಿ ಉಲ್ಲೇಖದ ಮೂಲಪುಟದ ಪ್ರತಿಯನ್ನೂ ಕೇಳುತ್ತೇನೆ.

ಮೌಖಿಕದಲ್ಲಿ ಕರಡನ್ನೂ ಅಂತಿಮ ಪ್ರತಿಯನ್ನೂ ಎದುರಿಗಿಟ್ಟುಕೊಂಡು, "ಈ ವಾಕ್ಯವನ್ನು ಯಾಕೆ ಕೈಬಿಟ್ಟಿರಿ?" ಎಂದು ಕೇಳುತ್ತೇನೆ. ತಾವೇ ಯೋಚಿಸಿ ಬರೆದವರು ತಡವರಿಸುತ್ತಲಾದರೂ ಕಾರಣ ಕೊಡುತ್ತಾರೆ, ಕೆಲವೊಮ್ಮೆ ಬರಹದಲ್ಲಿರುವುದಕ್ಕಿಂತ ಉತ್ತಮವಾದ ವಾದವನ್ನೇ ಮುಂದಿಡುತ್ತಾರೆ, ಅದಕ್ಕೂ ಅಂಕವಿದೆ.

ದೊಡ್ಡ ಪದವಿ ತರಗತಿಗಳಲ್ಲಿ ಎಲ್ಲರಿಗೂ ಮೌಖಿಕ ನಡೆಸುವಷ್ಟು ಸಮಯ ಸಿಗುವುದಿಲ್ಲ. ಅಲ್ಲಿ ಮೊದಲ ಕರಡನ್ನು ತರಗತಿಯಲ್ಲೇ ಕೈಯಲ್ಲಿ ಬರೆಸಿ, ನಾನು ಸಹಿ ಮಾಡಿ, ಅದನ್ನು ಬೆಳೆಸಲು ಮನೆಗೆ ಕೊಟ್ಟು ಕಳಿಸುತ್ತೇನೆ.